ಕ್ರೂಗರ್‌ನಲ್ಲಿ ಐದು ದಿನ: ಹಕ್ಕಿ ನೋಡಲು ಎಲ್ಲಿ ಕೂರಬೇಕು?

ಪ್ರಶ್ನೆ: ನಾನು ಮೈಸೂರಿನವನು, ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ಹನ್ನೆರಡು ವರ್ಷದಿಂದ ರಂಗನತಿಟ್ಟು, ಕಬಿನಿ, ಕೊಕ್ಕರೆಬೆಳ್ಳೂರು ಸುತ್ತಿ ಹಕ್ಕಿ ನೋಡುತ್ತಿದ್ದೇನೆ. ಮಗ ಜೋಹಾನ್ಸ್‌ಬರ್ಗ್‌ನಲ್ಲಿದ್ದಾನೆ. ಜನವರಿಯಲ್ಲಿ ಐದು ದಿನ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾನೆ. ಅಲ್ಲಿ 500ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ ಎಂದು ಓದಿದೆ. ನದಿ, ಬಯಲು, ಕುರುಚಲು ಕಾಡು ಎಲ್ಲವನ್ನೂ ನೋಡಬೇಕೆಂದರೆ ದಿನಗಳನ್ನು ಹೇಗೆ ಹಂಚಿಕೊಳ್ಳಬೇಕು? ಜನವರಿ ಸರಿಯಾದ ಕಾಲವೇ? 100-400 ಲೆನ್ಸ್ ಸಾಕಾಗುತ್ತದೆಯೇ? ನನ್ನ ಹೆಂಡತಿಗೆ ಹಕ್ಕಿಗಿಂತ ಸಿಂಹದ ಆಸೆ. ಇಬ್ಬರಿಗೂ ಹೊಂದುವ ಹಾಗೆ ಏನಾದರೂ ಹೇಳಿ.

ಉತ್ತರ: ಬೇಸರದ ಮಾತು ಮೊದಲೇ ಹೇಳಿಬಿಡುತ್ತೇನೆ. ಐದು ದಿನದಲ್ಲಿ ಎಲ್ಲವನ್ನೂ ನೋಡಲು ಆಗುವುದಿಲ್ಲ. ಕ್ರೂಗರ್‌ನ ವಿಸ್ತೀರ್ಣ ಸುಮಾರು 19,500 ಚದರ ಕಿಲೋಮೀಟರ್. ನಿಮಗೆ ಪರಿಚಯವಿರುವ ನಾಗರಹೊಳೆ 643. ಮೂವತ್ತು ನಾಗರಹೊಳೆಗಳನ್ನು ಒಂದರ ಪಕ್ಕ ಒಂದು ಇಟ್ಟ ಹಾಗೆ. ತೆಂಕಣ ತುದಿಯಿಂದ ಬಡಗಣ ತುದಿಗೆ 350 ಕಿಲೋಮೀಟರ್‌ಗೂ ಜಾಸ್ತಿ ಉದ್ದ. ಡಾಂಬರು ರಸ್ತೆಯಲ್ಲಿ ಗಂಟೆಗೆ 50, ಮಣ್ಣು ರಸ್ತೆಯಲ್ಲಿ 40 ಕಿಲೋಮೀಟರ್ ಮಿತಿ. ಹಕ್ಕಿ ನೋಡುವವರು ಅದರ ಅರ್ಧ ವೇಗದಲ್ಲೂ ಹೋಗುವುದಿಲ್ಲ, ಅಲ್ವಾ?

ನಾನು ಮೊದಲ ಸಲ ಹೋದಾಗ ಮಾಡಿದ ತಪ್ಪು ಇದೇ. ನಕಾಶೆ ಹರಡಿಕೊಂಡು ದಿನಕ್ಕೊಂದು ಕ್ಯಾಂಪ್ (ಉದ್ಯಾನದೊಳಗೆ ಬೇಲಿ ಹಾಕಿದ, ರಾತ್ರಿ ತಂಗುವ ಜಾಗ) ಎಂದು ಗೆರೆ ಎಳೆದೆ. ಐದು ದಿನವೂ ಸಂಜೆ ಗೇಟು ಮುಚ್ಚುವ ಹೊತ್ತಿಗೆ ಮುಂದಿನ ಕ್ಯಾಂಪ್ ಮುಟ್ಟುವ ಗಡಿಬಿಡಿ. ದಾರಿಯಲ್ಲಿ ಏನು ಹಾರಿದರೂ "ನಾಳೆ ನೋಡೋಣ" ಅಂದೆ. ನಾಳೆ ಬಂದಾಗ ಬೇರೆ ಕಾಡು, ಬೇರೆ ಹಕ್ಕಿ.

ಹಾಗಾಗಿ ನಾಲ್ಕು ರಾತ್ರಿಗೆ ಎರಡೇ ಕ್ಯಾಂಪ್ ಸಾಕು. ಎರಡು ರಾತ್ರಿ ಲೋವರ್ ಸಾಬಿ, ಎರಡು ರಾತ್ರಿ ಸತಾರಾ. ಕ್ರೊಕಡೈಲ್ ಬ್ರಿಜ್ ಗೇಟಿನಿಂದ ಒಳಗೆ ಹೋಗಿ, ಆರ್ಪೆನ್ ಗೇಟಿನಿಂದ ಹೊರಗೆ ಬನ್ನಿ. ಈ ಎರಡು ಜಾಗ ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಕಲ್ಲು ಮಣ್ಣಿನ ವಿಷಯ ಹೇಳಬೇಕಾಗುತ್ತದೆ.

ಕ್ರೂಗರ್ ಅನ್ನು ಉದ್ದಕ್ಕೆ ಸೀಳಿದರೆ ಪಡುವಣ ಅರ್ಧದಲ್ಲಿ ಗ್ರಾನೈಟ್, ಮೂಡಣ ಅರ್ಧದಲ್ಲಿ ಬಸಾಲ್ಟ್. ಗ್ರಾನೈಟ್ ಸವೆದು ಮರಳು ಮಣ್ಣಾಗುತ್ತದೆ. ಅದರ ಮೇಲೆ ಮರ, ಪೊದೆ ದಟ್ಟ. ಬಸಾಲ್ಟ್ ಸವೆದರೆ ಕಪ್ಪು ಜೇಡಿಮಣ್ಣು. ನಮ್ಮ ಉತ್ತರ ಕರ್ನಾಟಕದ ಎರೆ ನೆಲ ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಹಾಗೆ. ಅಲ್ಲಿ ಹುಲ್ಲು ಜಾಸ್ತಿ, ಮರ ದೂರ ದೂರ. ಮಳೆಯ ಲೆಕ್ಕ ಇದಕ್ಕೆ ಅಡ್ಡಲಾಗಿದೆ. ನೈಋತ್ಯ ಮೂಲೆಯ ಪ್ರಿಟೋರಿಯಸ್‌ಕಾಪ್ ಕಡೆ ವರ್ಷಕ್ಕೆ 700 ಮಿಲಿಮೀಟರ್‌ಗೂ ಹೆಚ್ಚು. ಉತ್ತರಕ್ಕೆ ಹೋದಂತೆ ಕಡಿಮೆಯಾಗುತ್ತಾ ಹೋಗಿ ತುದಿಯಲ್ಲಿ 400ರ ಆಸುಪಾಸು. ಒಲಿಫಾಂಟ್ಸ್ ನದಿ ದಾಟಿದರೆ ಮೊಪಾನೆ ಮರದ ರಾಜ್ಯ. ಇವೆಲ್ಲವನ್ನೂ ಅಡ್ಡಡ್ಡ ಕತ್ತರಿಸಿಕೊಂಡು ಪಡುವಣದಿಂದ ಮೂಡಣಕ್ಕೆ ನದಿಗಳು ಹರಿಯುತ್ತವೆ, ದಂಡೆಯಲ್ಲಿ ದೊಡ್ಡ ಅತ್ತಿ ಜಾತಿಯ ಮರಗಳು. ಕಾರಿನಿಂದ ನೆಲದ ಬಣ್ಣ ನೋಡಿದರೆ ಸಾಕು, ಮುಂದಿನ ಅರ್ಧ ಗಂಟೆಯಲ್ಲಿ ಯಾವ ಹಕ್ಕಿ ಸಿಗಬಹುದು ಅಂತ ಅಂದಾಜು ಮಾಡಬಹುದು. ಲೋವರ್ ಸಾಬಿ ನಿಮಗೆ ನದಿಯನ್ನೂ ಪೊದೆಗಾಡನ್ನೂ ಕೊಡುತ್ತದೆ. ಸತಾರಾ ಎರೆ ಬಯಲನ್ನು ಕೊಡುತ್ತದೆ.

ಒಂದು ಮಾತು. ಕನ್ನಡದಲ್ಲಿ ಹೆಸರಿಲ್ಲದ ಹಕ್ಕಿಗಳಿಗೆ ಇಂಗ್ಲಿಷ್ ಹೆಸರನ್ನೇ ಹೇಳುತ್ತೇನೆ. ಪುಸ್ತಕದಲ್ಲಿ ಹುಡುಕಲು ನಿಮಗೂ ಅದೇ ಸುಲಭ.

ಹಕ್ಕಿ ನೋಡುವುದನ್ನು ಗೇಟಿನ ಒಳಗೆ ಹೋದ ಮೇಲೆ ಶುರು ಮಾಡಬೇಡಿ. ಜೋಹಾನ್ಸ್‌ಬರ್ಗ್‌ನಿಂದ ಎನ್4 ಹೆದ್ದಾರಿಯಲ್ಲಿ ಬರುತ್ತೀರಿ. ಮಿಡಲ್‌ಬರ್ಗ್, ಬೆಲ್‌ಫಾಸ್ಟ್ ಕಡೆ ಎತ್ತರದ ಹುಲ್ಲುಗಾವಲು ಸಿಗುತ್ತದೆ. ಅಲ್ಲಿ ವಿದ್ಯುತ್ ತಂತಿಗಳನ್ನು ನೋಡುತ್ತಾ ಬನ್ನಿ. ಸಾಲಾಗಿ ಕೂತ ಪುಟ್ಟ ಬೂದು ಬಣ್ಣದ ಗಿಡುಗ ಕಂಡರೆ ಅದು ಅಮುರ್ ಫಾಲ್ಕನ್. ಚೀನಾ, ರಷ್ಯಾದ ಅಮುರ್ ನದಿಯ ಕಡೆ ಮರಿ ಮಾಡಿ, ಅಕ್ಟೋಬರ್-ನವೆಂಬರ್‌ನಲ್ಲಿ ನಾಗಾಲ್ಯಾಂಡ್‌ನ ದೊಯಾಂಗ್ ಜಲಾಶಯದ ಸುತ್ತ ಲಕ್ಷಗಟ್ಟಲೆ ಇಳಿಯುವ ಹಕ್ಕಿಯೇ ಇದು. 2012ರಲ್ಲಿ ಅಲ್ಲಿ ಬಲೆ ಹಾಕಿ ಸಾವಿರಗಟ್ಟಲೆ ಕೊಲ್ಲುತ್ತಿದ್ದುದು ಸುದ್ದಿಯಾಗಿ, ಮರುವರ್ಷವೇ ಹಳ್ಳಿಯವರು ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ಅಲ್ಲಿಂದ ಭಾರತದ ಮೇಲೆ ಹಾದು, ಅರಬ್ಬೀ ಸಮುದ್ರವನ್ನು ಎಲ್ಲೂ ಇಳಿಯದೆ ದಾಟಿ ಇವು ಆಫ್ರಿಕಾ ಸೇರುತ್ತವೆ. ನೀವು ವಿಮಾನದಲ್ಲಿ ಹೋದ ದಾರಿಯನ್ನೇ ನಿಮಗಿಂತ ಒಂದೂವರೆ ತಿಂಗಳು ಮುಂಚೆ ರೆಕ್ಕೆ ಬಡಿದು ಹೋಗಿರುತ್ತವೆ. ಕ್ರೂಗರ್ ಒಳಗೂ ಸಿಗುತ್ತವೆ, ಆದರೆ ಈ ಹುಲ್ಲುಗಾವಲಿನಲ್ಲಿ ಸಿಗುವಷ್ಟು ಅಲ್ಲ.

ಈಗ ನದಿ. ಲೋವರ್ ಸಾಬಿ ಕ್ಯಾಂಪಿನ ಮಗ್ಗುಲಲ್ಲೇ ಸನ್‌ಸೆಟ್ ಡ್ಯಾಮ್ ಎಂಬ ಕೆರೆ ಇದೆ. ಡಾಂಬರು ರಸ್ತೆಗೆ ಎಷ್ಟು ಹತ್ತಿರ ಅಂದರೆ ಕಾರಿನಲ್ಲಿ ಕೂತೇ ಎಲ್ಲ ಕಾಣುತ್ತದೆ. ಬೆಳಗ್ಗೆ ಸೂರ್ಯ ಹುಟ್ಟುವಾಗ ಒಮ್ಮೆ, ಸಂಜೆ ಗೇಟು ಮುಚ್ಚುವ ಮುಂಚೆ ಒಮ್ಮೆ ಇಲ್ಲಿಗೆ ಬನ್ನಿ. ಎಂಜಿನ್ ಆಫ್ ಮಾಡಿ ಒಂದು ಗಂಟೆ ಸುಮ್ನೆ ಕೂತಿರಿ. ನೀರಾನೆ ಬೆನ್ನಿನ ಮೇಲೆ ಆಮೆ ಬಿಸಿಲು ಕಾಯಿಸುತ್ತಿರುತ್ತದೆ. ಕೆಲವು ಸಲ ಬೂದು ಬಕ ಅದೇ ಬೆನ್ನನ್ನು ದೋಣಿ ಮಾಡಿಕೊಂಡು ಮೀನು ಹಿಡಿಯುತ್ತದೆ. ನೀರಿನಲ್ಲಿ ನಿಂತ ಒಣಮರಗಳಿಗೆ ಗೀಜಗದ ಗೂಡುಗಳು ತೂಗುತ್ತಿರುತ್ತವೆ. ಜನವರಿಯಲ್ಲಿ ಗಂಡುಗಳೆಲ್ಲ ಹಳದಿ ಅಂಗಿ ತೊಟ್ಟಿರುತ್ತವೆ. ಕೆಳಗೆ ಮೊಸಳೆ ಬಾಯಿ ತೆರೆದುಕೊಂಡು ಬಿದ್ದಿರುತ್ತದೆ.

ಇಲ್ಲಿ ನಿಮಗೆ ಊರಿಗೆ ಬಂದ ಹಾಗೆ ಅನ್ನಿಸುತ್ತದೆ. ಕಪ್ಪುಬಿಳಿ ಮಿಂಚುಳ್ಳಿ ಗಾಳಿಯಲ್ಲಿ ನಿಂತು ನೀರಿಗೆ ಬೀಳುತ್ತದೆ, ಅದು ರಂಗನತಿಟ್ಟಿನದೇ ಜಾತಿ. ಮೆಟ್ಟುಗಾಲು ಹಕ್ಕಿ, ಬೂದು ಬಕ ಕೂಡ ಹಾಗೇ. ಯೆಲ್ಲೋ-ಬಿಲ್ಡ್ ಸ್ಟಾರ್ಕ್ ನೋಡಿದರೆ ಕೊಕ್ಕರೆಬೆಳ್ಳೂರಿನ ಬಣ್ಣದ ಕೊಕ್ಕರೆಯ ಚಿಕ್ಕಪ್ಪನ ಮಗ ಅಂತ ತಕ್ಷಣ ಗೊತ್ತಾಗುತ್ತದೆ. ಅದೇ ಕುಲ, ಅದೇ ರೀತಿ ಕೊಕ್ಕನ್ನು ನೀರಿನಲ್ಲಿ ಅರ್ಧ ತೆರೆದು ಹುಡುಕುವುದು. ಬಾಯ್ಕಳಕ ಕೊಕ್ಕರೆಯೂ ಇದೆ, ಅಲ್ಲಿನದು ಮೈಯೆಲ್ಲ ಕಪ್ಪು.

ಆದರೆ ನೀವು ಹುಡುಕಬೇಕಾದದ್ದು ಸ್ಯಾಡಲ್-ಬಿಲ್ಡ್ ಸ್ಟಾರ್ಕ್. ನಿಂತರೆ ನಿಮ್ಮ ಎದೆಯ ಎತ್ತರ ಬರುತ್ತದೆ. ಕೆಂಪು ಕೊಕ್ಕಿಗೆ ನಡುವೆ ಕಪ್ಪು ಪಟ್ಟಿ, ಮೇಲೆ ಕುದುರೆಗೆ ಜೀನು ಹಾಕಿದ ಹಾಗೆ ಹಳದಿ ತಟ್ಟೆ. ಇದರ ಗಂಡು ಹೆಣ್ಣು ಹೇಳುವುದು ಬಹಳ ಸುಲಭ. ಹೆಣ್ಣಿನ ಕಣ್ಣು ಹಳದಿ, ಗಂಡಿನ ಕಣ್ಣು ಕಡು ಕಂದು. ಭಾರತದ ಕಪ್ಪುಕತ್ತಿನ ಕೊಕ್ಕರೆ ಇದರ ಹತ್ತಿರದ ಬಳಗ, ಅದರಲ್ಲೂ ಇದೇ ಗುಟ್ಟು. ಇಡೀ ಕ್ರೂಗರ್‌ನಲ್ಲಿ ಈ ಕೊಕ್ಕರೆ ಬಹಳ ಕಡಿಮೆ. ಸಾಬಿ ನದಿಯ ಮರಳು ದಂಡೆ ಅದಕ್ಕೆ ಇಷ್ಟದ ಜಾಗ.

ಎರಡನೆಯ ದಿನ ನದಿಯ ಗುಂಟ ಸ್ಕುಕುಜಾ ಎಂಬ ಕ್ಯಾಂಪಿನ ಕಡೆ ಹೋಗಿ. ಎಚ್4-1 ಎಂಬ ಈ ರಸ್ತೆ ನಲವತ್ತೈದು ಕಿಲೋಮೀಟರ್‌ನಷ್ಟು. ಕ್ರೂಗರ್‌ನಲ್ಲೇ ಅತಿ ಹೆಚ್ಚು ಕಾರು ಓಡುವ ರಸ್ತೆಗಳಲ್ಲಿ ಒಂದು, ಎಲ್ಲಿ ಚಿರತೆ ಕಂಡರೂ ಇಪ್ಪತ್ತು ಕಾರು ಅಡ್ಡ ನಿಂತಿರುತ್ತವೆ. ನಿಮ್ಮ ಮನೆಯವರಿಗೆ ಅದು ಖುಷಿ, ಬಿಡಿ. ಸ್ಕುಕುಜಾ ಹತ್ತಿರ ಲೇಕ್ ಪ್ಯಾನಿಕ್ ಎಂಬ ಪುಟ್ಟ ಕೆರೆಗೆ ಮರದ ಅಡಗುಮನೆ ಕಟ್ಟಿದ್ದಾರೆ. ಕಾರಿನಿಂದ ಇಳಿದು ಒಳಗೆ ಬೆಂಚಿನ ಮೇಲೆ ಕೂರಬಹುದು. ಐದು ದಿನದಲ್ಲಿ ನಾನು ಎಲ್ಲಿ ಜಾಸ್ತಿ ಹೊತ್ತು ಕೂರುತ್ತೇನೆ ಎಂದು ಕೇಳಿದರೆ ಇಲ್ಲೇ ಅನ್ನುತ್ತೇನೆ.

ಅಲ್ಲಿ ಆಫ್ರಿಕನ್ ಜಕಾನಾ ನೋಡಿ, ನಮ್ಮ ದೇವನಕ್ಕಿಯ ಸಂಬಂಧಿ. ಉದ್ದನೆಯ ಬೆರಳು ಚಾಚಿ ಎಲೆಗಳ ಮೇಲೆ ನಡೆಯುತ್ತದೆ. ಇದರಲ್ಲಿ ಮರಿ ಸಾಕುವುದು ಗಂಡೇ. ಹೆಣ್ಣು ಮೊಟ್ಟೆ ಇಟ್ಟು ಇನ್ನೊಂದು ಗಂಡಿನ ಬಳಿ ಹೋಗಿಬಿಡುತ್ತದೆ. ಅಪಾಯ ಬಂದರೆ ಅಪ್ಪ ಮರಿಗಳನ್ನು ರೆಕ್ಕೆಯ ಕೆಳಗೆ ಒತ್ತಿಕೊಂಡು ಓಡುತ್ತಾನೆ. ಆಗ ಅವನ ಪಕ್ಕದಿಂದ ಉದ್ದುದ್ದ ಪುಟಾಣಿ ಕಾಲುಗಳು ನೇತಾಡುವುದು ಮಾತ್ರ ಕಾಣುತ್ತದೆ. ನಾನು ಮೊದಲ ಸಲ ನೋಡಿದಾಗ ಹತ್ತು ಕಾಲಿನ ಹಕ್ಕಿ ಯಾವುದಪ್ಪಾ ಅಂತ ಗಾಬರಿಯಾಗಿದ್ದೆ. ಇದೇ ಕೆರೆಯಲ್ಲಿ ಆಫ್ರಿಕಾದ ಅತಿ ದೊಡ್ಡ ಮಿಂಚುಳ್ಳಿಯಾದ ಜೈಂಟ್ ಕಿಂಗ್‌ಫಿಷರ್ ಮತ್ತು ಬೆರಳುದ್ದದ ಮಲಕೈಟ್ ಕಿಂಗ್‌ಫಿಷರ್ ಎರಡೂ ಒಂದೇ ಬೆಳಗಿನಲ್ಲಿ ಸಿಗಬಹುದು. ಆಫ್ರಿಕನ್ ಫಿಶ್ ಈಗಲ್ ತಲೆಯನ್ನು ಹಿಂದಕ್ಕೆ ಎಸೆದು ಕೂಗುತ್ತದೆ. ಅದನ್ನು ಕೇಳಿದ ಮೇಲೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಪೊದೆಗಾಡಿನಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ. ನೀವು ಕೇಳಿದ ಜನವರಿಯ ಉತ್ತರ ಇಲ್ಲೇ ಇದೆ. ಪ್ರಾಣಿ ನೋಡುವವರು ಮೇನಿಂದ ಸೆಪ್ಟೆಂಬರ್‌ವರೆಗಿನ ಒಣಗಾಲ ಒಳ್ಳೆಯದು ಅನ್ನುತ್ತಾರೆ, ಅದು ನಿಜ. ಹುಲ್ಲು ಒಣಗಿರುತ್ತದೆ, ನೀರು ಇರುವ ಕಡೆಗೆ ಎಲ್ಲವೂ ಬರುತ್ತವೆ. ಹಕ್ಕಿಗಾದರೆ ಜನವರಿಯೇ ಸರಿ. ಅದು ಅಲ್ಲಿನ ಮಳೆಗಾಲ. ವಲಸೆ ಹಕ್ಕಿಗಳೆಲ್ಲ ಬಂದಿರುತ್ತವೆ, ಊರ ಹಕ್ಕಿಗಳು ಗೂಡು ಕಟ್ಟುತ್ತಿರುತ್ತವೆ. ಪ್ಯಾರಡೈಸ್ ವೈಡಾ ಎಂಬ ಗುಬ್ಬಿ ಗಾತ್ರದ ಹಕ್ಕಿಯ ಗಂಡಿಗೆ ಮೈಗಿಂತ ಉದ್ದದ ಬಾಲ ಬಂದಿರುತ್ತದೆ. ಒಣಗಾಲದಲ್ಲಿ ಅದೇ ಹಕ್ಕಿ ಕಂದು ಗುಬ್ಬಿಯ ಹಾಗೆ ಇರುತ್ತದೆ, ನೀವು ತಿರುಗಿಯೂ ನೋಡುವುದಿಲ್ಲ.

ಬೆಳಗಿನಿಂದ ಸಂಜೆವರೆಗೆ "ಚಿಪ್... ಟ್ರ್ರ್ರ್ರ್" ಎಂಬ ಸದ್ದು ಎಲ್ಲ ಕಡೆ ಕೇಳುತ್ತಿರುತ್ತದೆ. ಅದು ವುಡ್‌ಲ್ಯಾಂಡ್ ಕಿಂಗ್‌ಫಿಷರ್. ಮಿಂಚುಳ್ಳಿ ಅನ್ನುವುದು ಹೆಸರಿಗೆ ಮಾತ್ರ, ಅದು ತಿನ್ನುವುದು ಹುಳ ಹುಪ್ಪಟೆ. ನವೆಂಬರ್‌ನಲ್ಲಿ ಬಂದು ಮಾರ್ಚ್-ಏಪ್ರಿಲ್‌ಗೆ ಹೊರಟುಹೋಗುತ್ತದೆ. ಇನ್ನು, ಚಾತಕ! ಕಪ್ಪುಬಿಳಿ ಮೈ, ತಲೆಯ ಮೇಲೆ ಜುಟ್ಟು. ಉತ್ತರ ಮತ್ತು ಮಧ್ಯ ಭಾರತಕ್ಕೆ ಮುಂಗಾರಿನ ಜೊತೆ ಆಫ್ರಿಕಾದಿಂದ ಬರುವುದು ಇದೇ ಜಾತಿಯ ಒಂದು ಗುಂಪು. ನಮ್ಮ ತೆಂಕಣ ಕರ್ನಾಟಕದಲ್ಲಿ ವರ್ಷವಿಡೀ ಇರುವುದು ಇನ್ನೊಂದು. ಕ್ರೂಗರ್‌ನಲ್ಲಿ ಮರಿ ಮಾಡುವುದು ಮತ್ತೊಂದು, ಅದು ಅಲ್ಲಿನ ಮಳೆಗೆ ಹಾಜರಾಗುತ್ತದೆ. ಭಾರತದಲ್ಲಿ ಇದು ಹರಟೆಮಲ್ಲನ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಅಲ್ಲಿ ಮುಖ್ಯವಾಗಿ ಪಿಕಳಾರಗಳಿಗೆ ಮೋಸ ಮಾಡುತ್ತದೆ. ಹರಟೆಮಲ್ಲನಿಗೆ ಅಲ್ಲೂ ಬಿಡುಗಡೆ ಇಲ್ಲ, ಲೆವೆಯಾನ್ಸ್ ಕುಕೂ ಎಂಬ ಇನ್ನೊಂದು ಜಾತಿ ಅದರ ಬೆನ್ನು ಬಿದ್ದಿದೆ.

ಹುಲ್ಲಿನಲ್ಲಿ ಕೂತ ಸಣ್ಣ ಕಂದು ಹಕ್ಕಿಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಸಿಸ್ಟಿಕೋಲಾ ಎಂಬ ಆ ಗುಂಪಿನಲ್ಲಿ ಹತ್ತಾರು ಜಾತಿ, ರೂಪ ಎಲ್ಲ ಒಂದೇ. ಹೆಸರು ಇಟ್ಟವರೂ ಕೈಚೆಲ್ಲಿ ಕೂಗಿನ ಮೇಲೆ ಹೆಸರಿಟ್ಟಿದ್ದಾರೆ. ನಿಮಗೆ ಹೆಸರಘಟ್ಟದ ಹುಲ್ಲಿನಲ್ಲಿ "ಜಿಟ್ ಜಿಟ್" ಅನ್ನುವ ಜಿಟ್ಟಿಂಗ್ ಸಿಸ್ಟಿಕೋಲಾ ಗೊತ್ತಿದ್ದರೆ ಅಲ್ಲೂ ಅದು ಗೊತ್ತಾಗುತ್ತದೆ. ಪೊದೆಯ ತುದಿಯಲ್ಲಿ ಕೂತು ಗಿಲಕಿ ಆಡಿಸಿದ ಹಾಗೆ ಕೂಗುವುದು ರ‍್ಯಾಟ್ಲಿಂಗ್ ಸಿಸ್ಟಿಕೋಲಾ. ಇವೆರಡು ಸಾಕು, ಉಳಿದದ್ದು ಬಿಟ್ಟುಬಿಡಿ.

ಮಧ್ಯಾಹ್ನ ಹನ್ನೊಂದರಿಂದ ಮೂರರವರೆಗೆ ರಸ್ತೆಗೆ ಹೋಗಬೇಡಿ. ಜನವರಿಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ದಿನಗಳಿರುತ್ತವೆ. ಕ್ಯಾಂಪಿನ ಬೇಲಿಯೊಳಗೆ ನಡೆದಾಡಬಹುದು, ನೆರಳಿದೆ, ನೀರಿದೆ. ಹಕ್ಕಿಗಳೂ ಅಲ್ಲಿಗೇ ಬರುತ್ತವೆ. ಹಳದಿ ಕೊಕ್ಕಿನ ಮಂಗಟ್ಟೆ ಕಾರಿನ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ಕುಕ್ಕುತ್ತಿರುತ್ತದೆ. ಅತ್ತಿ ಹಣ್ಣಾಗಿದ್ದರೆ ಹಸಿರು ಪಾರಿವಾಳ, ಅದೃಷ್ಟವಿದ್ದರೆ ಪರ್ಪಲ್-ಕ್ರೆಸ್ಟೆಡ್ ಟುರಾಕೊ. ಅದು ಹಾರಿದಾಗ ರೆಕ್ಕೆಯೊಳಗಿನ ಕೆಂಪು ಬಿಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಎಲೆಯೊಳಗೆ ಇದೆಯೆಂದೇ ತಿಳಿಯುವುದಿಲ್ಲ. ನಾನು ಪಟ್ಟಿಗೆ ಸೇರಿಸಿದ ಹಕ್ಕಿಗಳಲ್ಲಿ ಒಂದು ದೊಡ್ಡ ಪಾಲು ಹೀಗೆ ಟೀ ಲೋಟ ಹಿಡಿದುಕೊಂಡು ನೋಡಿದವೇ.

ಮೂರನೆಯ ದಿನ ಸತಾರಾ. ಸುಮಾರು ತೊಂಬತ್ತು ಕಿಲೋಮೀಟರ್, ಇಡೀ ಬೆಳಗು ಬೇಕು. ಈ ಹೆಸರಿನ ಬಗ್ಗೆ ಒಂದು ಕಥೆ ಹೇಳುತ್ತಾರೆ. ಇಲ್ಲಿ ಹೊಲಗಳನ್ನು ಅಳತೆ ಮಾಡುವಾಗ ಸರ್ವೇಯರ್ ಜೊತೆಗಿದ್ದ ಒಬ್ಬ ಭಾರತೀಯ ಸಹಾಯಕ ಹದಿನೇಳನೆಯ ತುಂಡನ್ನು ಹಿಂದಿಯಲ್ಲಿ "ಸತ್ರಹ್" ಅಂದನಂತೆ, ಅದೇ ಸತಾರಾ ಆಯಿತಂತೆ. ಕಥೆ ಏನೇ ಇರಲಿ, ನೆಲ ಮಾತ್ರ ನಮ್ಮ ಬಳ್ಳಾರಿ ಕಡೆಯ ಎರೆ ಬಯಲನ್ನು ನೆನಪಿಸುತ್ತದೆ. ಹುಲ್ಲು, ಅಲ್ಲೊಂದು ಇಲ್ಲೊಂದು ಮಾರುಲಾ ಮರ, ಮುಳ್ಳಿನ ಜಾಲಿ.

ಎರೆ ನೆಲ ಅಂದ ಮೇಲೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ನೆನಪಾಗಲೇಬೇಕು. ಸಿರುಗುಪ್ಪದ ಕಡೆ ಅದನ್ನು ಹುಡುಕಿ ಬರಿಗೈಯಲ್ಲಿ ಬಂದವರಲ್ಲಿ ನಾನೂ ಒಬ್ಬ. ಸತಾರಾ ಬಯಲಿನಲ್ಲಿ ಅದರ ದಾಯಾದಿ ಕೋರಿ ಬಸ್ಟರ್ಡ್ ರಾಜಗಾಂಭೀರ್ಯದಿಂದ ನಡೆದುಕೊಂಡು ಹೋಗುವುದನ್ನು ನೋಡಿದಾಗ ಸಂತೋಷದ ಜೊತೆ ಹೊಟ್ಟೆಕಿಚ್ಚೂ ಆಯಿತು. ಗಂಡು 18 ಕಿಲೋವರೆಗೂ ತೂಗುತ್ತದೆ, ಹಾರುವ ಹಕ್ಕಿಗಳಲ್ಲಿ ಇದಕ್ಕಿಂತ ಭಾರದ್ದು ಆಫ್ರಿಕಾದಲ್ಲಿ ಇಲ್ಲ. ಅದು ಹುಲ್ಲಿನಲ್ಲಿ ನಡೆದರೆ ಮಿಡತೆ ಏಳುತ್ತವೆ. ಅದನ್ನು ಹಿಡಿಯಲು ಗುಲಾಬಿ ಕೆಂಪಿನ ಕಾರ್ಮೈನ್ ಕಳ್ಳಿಪೀರ ಕೆಲವು ಸಲ ಅದರ ಬೆನ್ನ ಮೇಲೇ ಕೂತು ಸವಾರಿ ಮಾಡುತ್ತದೆ. ಸವಾರಿಗೆ ಬಸ್ಟರ್ಡ್ ಸಿಗದಿದ್ದರೆ ಈ ಕಳ್ಳಿಪೀರ ನಿಮ್ಮ ಕಾರಿನ ಪಕ್ಕದಲ್ಲೇ ಹಾರುತ್ತಾ ಬಂದರೂ ಬರಬಹುದು. ನಿಧಾನವಾಗಿ ಓಡಿಸಲು ಮಗನಿಗೆ ಹೇಳಿ.

ಕ್ಯಾಂಪಿನಿಂದ ಮೂಡಣಕ್ಕೆ ಹೋಗುವ ಎಸ್100 ಎಂಬ ಮಣ್ಣು ರಸ್ತೆಗೆ ಗೇಟು ತೆರೆದ ಕೂಡಲೇ ಹೊರಡಿ. ಜನವರಿಯಲ್ಲಿ ಕ್ಯಾಂಪ್ ಗೇಟು ನಸುಕಿನ 4:30ಕ್ಕೆ ತೆರೆಯುತ್ತದೆ, ಸಂಜೆ 6:30ಕ್ಕೆ ಮುಚ್ಚುತ್ತದೆ. ಆ ನಸುಕಿನಲ್ಲಿ ದೂರದಿಂದ ಗುಡುಗಿನ ಹಾಗೆ, ಡೋಲಿನ ಹಾಗೆ ಒಂದು ಸದ್ದು ಬರುತ್ತದೆ. ನಿಮ್ಮ ಮನೆಯವರು "ಸಿಂಹ!" ಅನ್ನಬಹುದು. ಸದರ್ನ್ ಗ್ರೌಂಡ್ ಹಾರ್ನ್‌ಬಿಲ್ ಇರಬಹುದು ಅಂತ ಮೆಲ್ಲಗೆ ಹೇಳಿ. ನೆಲದ ಮೇಲೆ ನಡೆಯುವ ಮಂಗಟ್ಟೆ ಇದು, ಟರ್ಕಿ ಕೋಳಿಯಷ್ಟು ದೊಡ್ಡದು, ಕಪ್ಪು ಮೈ, ಕೆಂಪು ಗಂಟಲು, ಹುಡುಗಿಯರ ಹಾಗೆ ಉದ್ದ ರೆಪ್ಪೆಗೂದಲು. ಹಾವು, ಕಪ್ಪೆ, ಆಮೆ ಏನು ಸಿಕ್ಕಿದರೂ ಬಿಡುವುದಿಲ್ಲ. ನಾಲ್ಕೈದು ಹಕ್ಕಿ ಒಂದು ಮನೆಯವರ ಹಾಗೆ ಬದುಕುತ್ತವೆ. ಮರಿ ಮಾಡುವುದು ಒಂದೇ ಜೋಡಿ, ಉಳಿದವರೆಲ್ಲ ಸಾಕಲು ಕೈ ಹಾಕುತ್ತಾರೆ. ಅಷ್ಟು ಮಾಡಿಯೂ ಒಂದು ಗುಂಪಿನಲ್ಲಿ ಸರಾಸರಿ ಒಂಬತ್ತು ವರ್ಷಕ್ಕೆ ಒಂದು ಮರಿ ದೊಡ್ಡದಾದರೆ ಹೆಚ್ಚು. ಎರಡು ಮೊಟ್ಟೆ ಇಡುತ್ತದೆ, ಎರಡನೆಯ ಮರಿ ಹಸಿವಿನಿಂದ ಸಾಯುತ್ತದೆ. ಆ ಎರಡನೆಯ ಮರಿಯನ್ನು ಎತ್ತಿ ತಂದು ಸಾಕಿ ಮತ್ತೆ ಕಾಡಿಗೆ ಬಿಡುವ ಪ್ರಯತ್ನ ದಕ್ಷಿಣ ಆಫ್ರಿಕಾದಲ್ಲಿ ನಡೆಯುತ್ತಿದೆ. ಅಲ್ಲಿನ ಹಲವು ಜನ ಇದನ್ನು ಮಳೆ ತರುವ ಹಕ್ಕಿ ಎಂದು ನಂಬುತ್ತಾರೆ. ನಮ್ಮ ಚಾತಕದ ಹಾಗೆಯೇ, ನೋಡಿ.

ಮಳೆ ಬಿದ್ದ ಮರುದಿನ ಇನ್ನೊಂದು ತಮಾಷೆ ಇದೆ. ಗೆದ್ದಲು ರೆಕ್ಕೆ ಬಂದು ಈಸುಳ್ಳಿಯಾಗಿ ಏಳುತ್ತವೆ. ಯೂರೋಪ್, ಮಧ್ಯ ಏಷ್ಯಾದಿಂದ ಬಂದ ಸ್ಟೆಪಿ ಈಗಲ್, ಲೆಸ್ಸರ್ ಸ್ಪಾಟೆಡ್ ಈಗಲ್‌ಗಳು ಬೇಟೆ ಗೀಟೆ ಬಿಟ್ಟು ಕೋಳಿಯ ಹಾಗೆ ನೆಲದ ಮೇಲೆ ನಡೆದಾಡಿ ಈಸುಳ್ಳಿ ಹೆಕ್ಕುತ್ತವೆ. ಹದ್ದಿನ ಗತ್ತಿಗೆ ಅದು ಸ್ವಲ್ಪವೂ ಒಪ್ಪುವುದಿಲ್ಲ. ಆಕಾಶದಲ್ಲಿ ಬಾಲವೇ ಇಲ್ಲದ ಹಾಗೆ, ಹಗ್ಗದ ಮೇಲೆ ನಡೆಯುವವರ ಹಾಗೆ ಆಚೀಚೆ ತೂಗುತ್ತಾ ಹೋಗುವುದು ಬ್ಯಾಟೆಲೂರ್ ಎಂಬ ಹದ್ದು.

ಎಮ್ಮೆ, ಜಿರಾಫೆಗಳ ಮೈಮೇಲೆ ಉಣ್ಣೆ ಹೆಕ್ಕುವ ಆಕ್ಸ್‌ಪೆಕರ್‌ಗಳನ್ನೂ ಸರಿಯಾಗಿ ನೋಡಿ. ಕೊಕ್ಕು ಪೂರ್ತಿ ಕೆಂಪಿದ್ದರೆ ಒಂದು ಜಾತಿ, ಬುಡ ಹಳದಿ ಇದ್ದರೆ ಇನ್ನೊಂದು. ಈ ಹಳದಿಯದು ದಕ್ಷಿಣ ಆಫ್ರಿಕಾದಿಂದ ಪೂರ್ತಿ ಅಳಿದುಹೋಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂದು ಕಾಡೆಮ್ಮೆಗಳು ಸತ್ತವು, ಆಮೇಲೆ ದನಗಳ ಉಣ್ಣೆಗೆ ವಿಷದ ಔಷಧ ಹಾಕತೊಡಗಿದರು. 1979ರಲ್ಲಿ ಅದು ತಾನಾಗಿಯೇ ಕ್ರೂಗರ್‌ಗೆ ಮರಳಿ ಬಂತು. ಈಗ ಸತಾರಾ ಕಡೆ ಎಮ್ಮೆ ಹಿಂಡು ಸಿಕ್ಕಿದರೆ ಇದೂ ಸಿಗಬಹುದು.

ಸಿಂಹದ ಆಸೆಗೆ ನಿಮ್ಮ ಹಕ್ಕಿಯೇ ದಾರಿ ತೋರಿಸುತ್ತದೆ. ಬೆಳಗ್ಗೆ ಒಂಬತ್ತರ ಹೊತ್ತಿಗೆ ನೆಲ ಕಾದು ಗಾಳಿ ಮೇಲೇರತೊಡಗಿದಾಗ ರಣಹದ್ದುಗಳು ಏಳುತ್ತವೆ. ಒಂದು ಮರದಲ್ಲಿ ಹತ್ತಿಪ್ಪತ್ತು ರಣಹದ್ದು ಕೂತು ಕೆಳಗೆ ನೋಡುತ್ತಿದ್ದರೆ, ಇಳಿಯದೆ ಸುಮ್ನೆ ಕಾಯುತ್ತಿದ್ದರೆ, ಬೇಟೆಯ ಮೇಲೆ ಇನ್ನೂ ಯಾರೋ ಇದ್ದಾರೆ ಎಂದರ್ಥ. ಅಲ್ಲೇ ನಿಲ್ಲಿಸಿ. ಸತಾರಾ ಸುತ್ತ ಸಿಂಹ ಸಾಕಷ್ಟಿವೆ. ಸಿಂಹ ಎದ್ದು ಹೋದ ಮೇಲೆ ನಿಮ್ಮ ಸರದಿ. ಬಿಳಿ ಬೆನ್ನಿನವು ಹಿಂಡಾಗಿ ಇಳಿಯುತ್ತವೆ. ಕೊನೆಗೆ ಲ್ಯಾಪೆಟ್-ಫೇಸ್ಡ್ ವಲ್ಚರ್ ಬಂದರೆ ಎಲ್ಲವೂ ಜಾಗ ಬಿಡುತ್ತವೆ, ದಪ್ಪ ಚರ್ಮ ಹರಿಯುವ ಶಕ್ತಿ ಅದರ ಕೊಕ್ಕಿಗೇ ಇರುವುದು. ನಮ್ಮಲ್ಲಿ ದನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್‌ನಿಂದ ರಣಹದ್ದುಗಳು ಸತ್ತು, ಈಗ ರಾಮನಗರದ ಬೆಟ್ಟದಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಅಲ್ಲಿನ ಕಾಟ ಬೇರೆ. ಆನೆ ಕೊಂದ ಕಳ್ಳಬೇಟೆಗಾರರು ಹೆಣಕ್ಕೆ ವಿಷ ಸವರುತ್ತಾರೆ. ಮೇಲೆ ರಣಹದ್ದು ಸುತ್ತಿದರೆ ಕಾವಲುಗಾರರಿಗೆ ಜಾಗ ಗೊತ್ತಾಗುತ್ತದೆ ಅಂತ. ಒಂದು ಹೆಣದಿಂದ ನೂರಾರು ಹಕ್ಕಿ ಸಾಯುತ್ತವೆ.

ಲೆನ್ಸ್ ಬಗ್ಗೆ: 100-400 ಧಾರಾಳವಾಯಿತು. ಹತ್ತು ಗಂಟೆಯ ಮೇಲೆ ನೆಲದ ಕಾವಿಗೆ ಗಾಳಿ ನಡುಗಿ ಎಂಥ ದೊಡ್ಡ ಲೆನ್ಸಿನಲ್ಲೂ ಚಿತ್ರ ಮಸುಕೇ. 8x42 ದುರ್ಬೀನು ಒಬ್ಬರಿಗೊಂದು ಇರಲಿ, ಗಂಡ ಹೆಂಡತಿ ನಡುವೆ ಒಂದೇ ಇದ್ದರೆ ಜಗಳ ಗ್ಯಾರಂಟಿ. ಟ್ರೈಪಾಡ್ ಬೇಡ, ಕಾರಿನಿಂದ ಇಳಿಯುವ ಹಾಗಿಲ್ಲವಲ್ಲ. ಮನೆಯಿಂದ ಖಾಲಿ ಬಟ್ಟೆ ಚೀಲ ಒಯ್ಯಿರಿ. ಅಲ್ಲಿ ಎರಡು ಕಿಲೋ ಅಕ್ಕಿ ತುಂಬಿ ಕಿಟಕಿಯ ಮೇಲೆ ಇಟ್ಟು ಲೆನ್ಸ್ ಕೂರಿಸಿ. ಕೊನೆಯ ರಾತ್ರಿ ಅದೇ ಅಕ್ಕಿಯ ಅನ್ನ. ಅಡುಗೆಮನೆ ಇರುವ ಕಾಟೇಜ್ ಕೇಳಿ ತೆಗೆದುಕೊಳ್ಳಿ, ಸಾರಿನ ಪುಡಿ ನಿಮ್ಮದಿರಲಿ.

ಬೇರೆ ಗೈಡ್ ಬೇಡ, ಹಕ್ಕಿ ಪುಸ್ತಕ ಕ್ಯಾಂಪಿನ ಅಂಗಡಿಯಲ್ಲೇ ಸಿಗುತ್ತದೆ. ನನ್ನ ಎರಡನೆಯ ಪ್ರವಾಸದಲ್ಲಿ ತೆರೆದ ಜೀಪಿನ ಸಫಾರಿ ತೆಗೆದುಕೊಂಡಿದ್ದೆ. ಜೊತೆಗಿದ್ದ ಏಳು ಜನಕ್ಕೂ ಸಿಂಹವೇ ಬೇಕು, ಚಾಲಕ ಒಂದು ಹಕ್ಕಿಗೂ ಬ್ರೇಕ್ ಹಾಕಲಿಲ್ಲ. ಸ್ವಂತ ಕಾರೇ ಸುಖ, ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು. ಹಕ್ಕಿ ಕರೆಯಲು ಮೊಬೈಲಿನಲ್ಲಿ ಕೂಗು ಹಾಕಬೇಡಿ, ಗೂಡು ಕಟ್ಟುವ ಕಾಲ ಅದು. ಜೋರು ಮಳೆಯಾದರೆ ಮಣ್ಣು ರಸ್ತೆಗಳನ್ನು ಮುಚ್ಚುತ್ತಾರೆ, ಬೆಳಗ್ಗೆ ರಿಸೆಪ್ಷನ್‌ನಲ್ಲಿ ಕೇಳಿ ಹೊರಡಿ. ಕ್ರೂಗರ್ ಮಲೇರಿಯಾ ಇರುವ ಜಾಗ, ಮಳೆಗಾಲದಲ್ಲಿ ಜಾಸ್ತಿ. ಹೊರಡುವ ಮೊದಲೇ ನಿಮ್ಮ ಡಾಕ್ಟರ ಹತ್ತಿರ ಮಾತ್ರೆಯ ವಿಷಯ ಮಾತಾಡಿ. ವಿಮಾನ ಕೀನ್ಯಾ ಅಥವಾ ಇಥಿಯೋಪಿಯಾ ಮೂಲಕ ಇದ್ದರೆ ಹಳದಿ ಜ್ವರದ ಲಸಿಕೆಯ ನಿಯಮವನ್ನೂ ವಿಚಾರಿಸಿಕೊಳ್ಳಿ.

ಒಂದು ಹಕ್ಕಿ ಕಂಡರೆ ಮಾತ್ರ ಖುಷಿಪಡಬೇಡಿ, ನಮ್ಮ ಗೊರವಂಕ. ಇಪ್ಪತ್ತನೆಯ ಶತಮಾನದ ಶುರುವಿನಲ್ಲಿ ಡರ್ಬನ್‌ನಲ್ಲಿ ಪಂಜರದಿಂದ ತಪ್ಪಿಸಿಕೊಂಡದ್ದು ಈಗ ಅಲ್ಲಿನ ಊರುಗಳಲ್ಲೆಲ್ಲ ಹಬ್ಬಿ, ಊರ ಹಕ್ಕಿಗಳ ಪೊಟರೆ ಕಿತ್ತುಕೊಳ್ಳುತ್ತಿದೆ. ಅಲ್ಲಿನ ಹಕ್ಕಿಪ್ರಿಯರು ಅದನ್ನು "ಇಂಡಿಯನ್ ಮೈನಾ" ಅನ್ನುವಾಗ ನಾವು ಸ್ವಲ್ಪ ಬೇರೆ ಕಡೆ ನೋಡಬೇಕಾಗುತ್ತದೆ.

ಇನ್ನು ನಿಮ್ಮ ಐದು ದಿನದ ಲೆಕ್ಕದಲ್ಲಿ ನಾನು ಸೇರಿಸದೆ ಬಿಟ್ಟ ಬಡಗಣ ಭಾಗ. ಒಲಿಫಾಂಟ್ಸ್ ಆಚೆ ಗಂಟೆಗಟ್ಟಲೆ ಮೊಪಾನೆ. ಚಿಟ್ಟೆಯ ರೆಕ್ಕೆಯಂಥ ಜೋಡಿ ಎಲೆ, ಬಿಸಿಲಿಗೆ ಅದೂ ಮಡಚಿಕೊಳ್ಳುತ್ತದೆ. ಹಕ್ಕಿ ಕಡಿಮೆ. ಆರ್ನಾಟ್ಸ್ ಚಾಟ್ ಅಂಥ ಒಂದೆರಡು ಮಾತ್ರ ಇಲ್ಲೇ ಸಿಗುವಂಥವು. ಸತಾರಾದಿಂದ ಪುಂಡಾ ಮರಿಯಾ ಕ್ಯಾಂಪಿಗೆ 240 ಕಿಲೋಮೀಟರ್ ಹತ್ತಿರ, ಪಾಫುರಿ ಅಲ್ಲಿಂದಲೂ ಆಚೆ. ನಿಮ್ಮ ಐದು ದಿನದಲ್ಲಿ ಎರಡು ದಿನ ಹೋಗಿ ಬರುವುದಕ್ಕೇ ಸರಿ.

ಆದರೂ ಪಾಫುರಿ ಬಗ್ಗೆ ಹೇಳದೆ ಇರಲಾರೆ. ಲುವುವು ನದಿ ಲಿಂಪೋಪೊ ಸೇರುವ ಜಾಗ ಅದು, ಎದುರು ದಡದಲ್ಲಿ ಜಿಂಬಾಬ್ವೆ, ಪಕ್ಕದಲ್ಲಿ ಮೊಜಾಂಬಿಕ್. ಹಿಂದೆ ಪೊಲೀಸರಿಂದ ತಪ್ಪಿಸಿಕೊಳ್ಳುವವರು ಗಡಿ ದಾಟಿ ದಾಟಿ ಆಟವಾಡಿಸುತ್ತಿದ್ದರು, ಅದಕ್ಕೇ ಕ್ರೂಕ್ಸ್ ಕಾರ್ನರ್ ಎಂಬ ಹೆಸರು. ಇಲ್ಲಿ ಹಳದಿ-ಹಸಿರು ತೊಗಟೆಯ ಫೀವರ್ ಟ್ರೀ ಕಾಡಿದೆ, ಬಾವೊಬಾಬ್ ಮರಗಳಿವೆ. ಮಕುಲೆಕೆ ಜನರನ್ನು 1969ರಲ್ಲಿ ಈ ನೆಲದಿಂದ ಬಲವಂತವಾಗಿ ಎಬ್ಬಿಸಿದರು. 1998ರಲ್ಲಿ ಭೂಮಿ ಅವರಿಗೇ ಮರಳಿ ಬಂತು. ಅವರು ಬೇಸಾಯಕ್ಕೆ ವಾಪಸ್ ಹೋಗದೆ ಅದನ್ನು ಉದ್ಯಾನದ ಭಾಗವಾಗಿಯೇ ಉಳಿಸಿಕೊಂಡರು.

ನದಿಯ ಸೇತುವೆಯ ಮೇಲೆ ನಿಂತರೆ ಬೋಮ್ಸ್ ಸ್ಪೈನ್‌ಟೈಲ್ ಬಾವಲಿಯ ಹಾಗೆ ತಡಬಡಿಸಿ ಹಾರುತ್ತದೆ. ಟ್ರಂಪೆಟರ್ ಹಾರ್ನ್‌ಬಿಲ್ ಎಳೆ ಮಗು ಅತ್ತ ಹಾಗೆ ಕೂಗುತ್ತದೆ. ಮತ್ತು ದಂಡೆಯ ದೊಡ್ಡ ಮರಗಳ ಒಳಗೆ ಎಲ್ಲೋ ಪೆಲ್ಸ್ ಫಿಶಿಂಗ್ ಔಲ್ ಕೂತಿರುತ್ತದೆ. ಕಬಿನಿಯಲ್ಲಿ ನೀವು ನೋಡಿರುವ ಮೀನುಗೂಬೆಗಿಂತ ದೊಡ್ಡದು, ಶುಂಠಿಯ ಬಣ್ಣ, ಕಿವಿಯ ಜುಟ್ಟಿಲ್ಲದ ದುಂಡು ತಲೆ. ಬೇರೆ ಗೂಬೆಗಳ ಹಾಗೆ ಇದರ ರೆಕ್ಕೆ ಸದ್ದಿಲ್ಲದೆ ಹಾರುವುದಿಲ್ಲ. ನೀರೊಳಗಿನ ಮೀನಿಗೆ ರೆಕ್ಕೆಯ ಸದ್ದು ಎಲ್ಲಿ ಕೇಳಬೇಕು? ನಾನು ಮೂರು ಸಲ ಹೋಗಿ ಒಂದೇ ಸಲ ನೋಡಿದ್ದೇನೆ, ಅದೂ ಅರ್ಧ ಬೆನ್ನು ಮಾತ್ರ. ಮಗನಿಗೆ ಈಗಲೇ ಹೇಳಿಟ್ಟಿರಿ, ಮುಂದಿನ ಸಲ ಪುಂಡಾ ಮರಿಯಾದಲ್ಲಿ ಮೂರು ರಾತ್ರಿ.